ಕಾಡಿನ ನಡುವಿನ ಪಟ್ಟಾ ಜಮೀನು: ಕೊಲೊರಾಡೊ ಪರ್ವತಗಳ ವಿಲ್ಡರ್ನೆಸ್‌ನೊಳಗಿನ ಖಾಸಗಿ ನೆಲಕ್ಕೆ ಸಂರಕ್ಷಣಾ ಈಸ್‌ಮೆಂಟ್ ಬರೆದುಕೊಡುವ ಬಗೆ

ಅಮೆರಿಕದ ಕೊಲೊರಾಡೊ ರಾಜ್ಯದ ಸ್ಯಾನ್ ಹ್ವಾನ್ ಪರ್ವತಗಳ ನಕ್ಷೆಯನ್ನು ಬಿಡಿಸಿ ನೋಡಿದರೆ, ಅರಣ್ಯ ಇಲಾಖೆಯ ಹಸಿರಿನ ನಡುವೆ ಚೆಲ್ಲಿಹೋದ ಬೆಂಕಿಕಡ್ಡಿಗಳ ಹಾಗೆ ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿರುವ ಬಿಳಿಯ ಪಟ್ಟಿಗಳು ಕಾಣುತ್ತವೆ. ಅವು 1872ರ ಗಣಿ ಕಾಯ್ದೆಯ ಕೆಳಗೆ ಖಾಸಗಿಯವರಿಗೆ ಪಟ್ಟಾ ಆದ ಜಮೀನುಗಳು. ಅದಿರಿನ ಎಳೆಯ ಉದ್ದಕ್ಕೆ 1,500 ಅಡಿ, ಅಡ್ಡಕ್ಕೆ 600 ಅಡಿ, ಒಟ್ಟು ಹೆಚ್ಚೆಂದರೆ 20 ಎಕರೆಗೆ ತುಸು ಮೇಲೆ. ಎಕರೆಗೆ 5 ಡಾಲರ್ ಕಟ್ಟಿದವನಿಗೆ ನೆಲವೂ ನೆಲದಡಿಯ ಖನಿಜವೂ ಸ್ವಂತವಾಗುತ್ತಿತ್ತು. ಬೆಳ್ಳಿ ಮುಗಿಯಿತು, ಗಣಿಯ ಊರುಗಳು ಬರಿದಾದವು, ಹಕ್ಕುಪತ್ರಗಳು ಮಾತ್ರ ಟ್ರಂಕಿನ ತಳದಲ್ಲಿ ಮರಿಮಕ್ಕಳ ಕಾಲದವರೆಗೂ ಉಳಿದುಕೊಂಡವು.

1964ರ ಸೆಪ್ಟೆಂಬರ್ 3ರಂದು ವಿಲ್ಡರ್ನೆಸ್ ಕಾಯ್ದೆ ಜಾರಿಗೆ ಬಂದ ಮೇಲೆ ಈ ಪರ್ವತಗಳ ದೊಡ್ಡ ದೊಡ್ಡ ಭಾಗಗಳನ್ನು ರಸ್ತೆ, ಕಟ್ಟಡ, ಮೋಟಾರು ವಾಹನ ಯಾವುದೂ ಇಲ್ಲದ ವನ್ಯಪ್ರದೇಶಗಳೆಂದು, ಅಂದರೆ ವಿಲ್ಡರ್ನೆಸ್ ಎಂದು, ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಂದೊಂದಾಗಿ ಘೋಷಿಸುತ್ತ ಬಂದಿತು. ಆದರೆ ಆ ನಿಷೇಧಗಳು ಅನ್ವಯಿಸುವುದು ಫೆಡರಲ್ ಸರ್ಕಾರದ ಒಡೆತನದ ನೆಲಕ್ಕೆ ಮಾತ್ರ. ಗಡಿರೇಖೆಯ ಒಳಗೆ ಸಿಕ್ಕಿಕೊಂಡ ಖಾಸಗಿ ತುಂಡಿನ ಮೇಲೆ ಮನೆ ಕಟ್ಟುವುದನ್ನು ಆ ಕಾಯ್ದೆ ತಡೆಯುವುದಿಲ್ಲ. ಇದರ ಅರ್ಥವೇನೆಂಬುದನ್ನು 1992ರಲ್ಲಿ ಇದೇ ರಾಜ್ಯದ ವೆಸ್ಟ್ ಎಲ್ಕ್ ವಿಲ್ಡರ್ನೆಸ್ ತೋರಿಸಿಕೊಟ್ಟಿತು. ಅಲ್ಲಿನ 240 ಎಕರೆ ಖಾಸಗಿ ಜಮೀನಿನಲ್ಲಿ ವಿಲಾಸಿ ಮನೆಯೊಂದನ್ನು ಕಟ್ಟಲು ಹೆಲಿಕಾಪ್ಟರಿನಲ್ಲಿ ಸಾಮಗ್ರಿ ಸಾಗಿಸುವುದು ಶುರುವಾಯಿತು. ಕೊನೆಗೆ ಅರಣ್ಯ ಇಲಾಖೆ ಟೆಲ್ಯುರೈಡ್ ಪಟ್ಟಣದ ಬಳಿಯ 105 ಎಕರೆ ಬೆಲೆಬಾಳುವ ನೆಲವನ್ನು ಬಿಟ್ಟುಕೊಟ್ಟು ಆ ಜಮೀನನ್ನು ಪಡೆಯಬೇಕಾಯಿತು. ರಸ್ತೆ ಇಲ್ಲದಿರುವುದೇ ರಕ್ಷಣೆ ಎಂದು ನಂಬಿ ಕುಳಿತವರಿಗೆ ಆ ನಂಬಿಕೆ ಅಲ್ಲಿಗೆ ಮುಗಿಯಿತು.

ಅಂಥ ಒಂದು ತುಂಡು ನೆಲ ನಿಮ್ಮ ಹೆಸರಿನಲ್ಲಿದ್ದು, ಅದನ್ನು ಮಾರದೆ, ಮುಂದೆ ಯಾರ ಕೈಗೆ ಹೋದರೂ ಅದು ಈಗಿರುವಂತೆಯೇ ಉಳಿಯಬೇಕೆಂದು ಬಯಸುವಿರಾದರೆ ಮಾಡಬೇಕಾದ ಕೆಲಸಗಳನ್ನು ಈ ಬರಹ ಕ್ರಮವಾಗಿ ವಿವರಿಸುತ್ತದೆ. ಪತ್ರ ಬರೆಯುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ವ್ಯಕ್ತಿ ನೀವಲ್ಲ, ನಿಮ್ಮ ಮಕ್ಕಳೂ ಅಲ್ಲ. ನೀವು ಎಂದೂ ಕಾಣದ, ಈ ನೆಲದ ಬಗ್ಗೆ ನಿಮಗಿರುವ ಅಕ್ಕರೆ ಇಲ್ಲದ ಮೂರನೆಯ ಮಾಲೀಕ. ಅವನ ವಕೀಲ ಓದಿದಾಗಲೂ ಬೇರೆ ಅರ್ಥ ಬಾರದಂತೆ ಇರಬೇಕಾದ ಪತ್ರ ಇದು.

ಈಸ್‌ಮೆಂಟ್ ಎಂದರೆ ಇಲ್ಲಿ ಏನು

ಊರಿನ ಕ್ರಯಪತ್ರ ಓದಿದವರಿಗೆ ಈಸ್‌ಮೆಂಟ್ ಎಂಬ ಪದ ಹೊಸದಲ್ಲ. ನಮ್ಮ ಹೊಲದ ಬದುವಿನ ಮೇಲೆ ಪಕ್ಕದವರಿಗಿರುವ ಬಂಡಿದಾರಿ, ಮೇಲಿನ ಗದ್ದೆಯ ನೀರು ಕೆಳಗೆ ಹರಿಯುವ ಹಕ್ಕು ಇವೆಲ್ಲ ಈಸ್‌ಮೆಂಟುಗಳೇ. ನೆಲ ಒಬ್ಬನದು, ಅದರ ಮೇಲಿನ ಒಂದು ಹಕ್ಕು ಇನ್ನೊಬ್ಬನದು. ಸಂರಕ್ಷಣಾ ಈಸ್‌ಮೆಂಟಿನಲ್ಲಿ ನೀವು ಬಿಟ್ಟುಕೊಡುವುದು ನಡೆದಾಡುವ ಹಕ್ಕನ್ನಲ್ಲ. ಕಟ್ಟುವ, ಹೋಳು ಮಾಡುವ, ಅಗೆಯುವ, ಮರ ಕಡಿಯುವ ಹಕ್ಕುಗಳನ್ನು. ಅವು ಭೂ ಟ್ರಸ್ಟ್ ಎಂದು ಕರೆಯಲಾಗುವ ಒಂದು ಸಂಸ್ಥೆಗೆ ಅಥವಾ ಸರ್ಕಾರಿ ಇಲಾಖೆಗೆ ಸೇರುತ್ತವೆ. ಆ ಸಂಸ್ಥೆ ಆ ಹಕ್ಕುಗಳನ್ನು ತಾನು ಬಳಸುವಂತಿಲ್ಲ, ಬೇರೆಯವರು ಬಳಸದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ನೆಲ ನಿಮ್ಮದಾಗಿಯೇ ಉಳಿಯುತ್ತದೆ. ಮಾರಬಹುದು, ಮಕ್ಕಳಿಗೆ ಬಿಡಬಹುದು, ಬೇಲಿ ಹಾಕಿ ಹೊರಗಿನವರನ್ನು ತಡೆಯಲೂಬಹುದು.

ಇದನ್ನು ಓದುವ ಮಲೆನಾಡಿನವರಿಗೆ ಒಂದು ಮಾತನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯಲ್ಲಿ ಈಸ್‌ಮೆಂಟ್ ಹಕ್ಕು ಇನ್ನೊಂದು ಜಮೀನಿನ ಅನುಭೋಗಕ್ಕಾಗಿಯೇ ಇರಬೇಕು. ನೆಲವೇ ಇಲ್ಲದ ಸಂಸ್ಥೆಯೊಂದು ದೂರದಿಂದ ಅದನ್ನು ಹಿಡಿದಿರುವ ವ್ಯವಸ್ಥೆಗೆ ಅಲ್ಲಿ ಜಾಗವಿಲ್ಲ. ಅಮೆರಿಕದ ಹಳೆಯ ರೂಢಿಗತ ಕಾನೂನಿನಲ್ಲೂ ಇದೇ ತೊಡಕಿತ್ತು. ರಾಜ್ಯಗಳು ಪ್ರತ್ಯೇಕ ಶಾಸನ ಮಾಡಿ ಅದನ್ನು ನಿವಾರಿಸಿದವು. ಕೊಲೊರಾಡೊ 1976ರಲ್ಲೇ ಮಾಡಿತು, ಉಳಿದ ಅನೇಕ ರಾಜ್ಯಗಳಿಗೆ 1981ರ ಏಕರೂಪ ಮಾದರಿ ಕಾಯ್ದೆ ದಾರಿಯಾಯಿತು. ನಮ್ಮಲ್ಲಿ ಇದಕ್ಕೆ ಹತ್ತಿರದ ವ್ಯವಸ್ಥೆಯೆಂದರೆ 2002ರ ತಿದ್ದುಪಡಿಯಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿದ ಸಮುದಾಯ ಮೀಸಲು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಅಂಥದ್ದು. ಆದರೆ ರಾಷ್ಟ್ರೀಯ ಉದ್ಯಾನ ಅಥವಾ ಅಭಯಾರಣ್ಯದ ಒಳಗಿನ ಖಾಸಗಿ ನೆಲಕ್ಕೆ ಆ ವಿಧಿ ಅನ್ವಯಿಸದು. ಹಾಗಾಗಿ ಮುಂದಿನದೆಲ್ಲ ಅಮೆರಿಕದ ಮಾತು, ಅಲ್ಲಿ ನೆಲ ಇರುವವರಿಗೆ ಹೇಳಿದ್ದು.

ಮೊದಲ ಹೆಜ್ಜೆ: ಈಸ್‌ಮೆಂಟೇ ಬೇಕೆ ಎಂದು ಕೇಳಿಕೊಳ್ಳುವುದು

ವಿಲ್ಡರ್ನೆಸ್‌ನ ನಟ್ಟನಡುವಿನ ಜಮೀನಿಗೆ ಈಸ್‌ಮೆಂಟ್ ಯಾವಾಗಲೂ ಅತ್ಯುತ್ತಮ ಉಪಾಯವಲ್ಲ. ಆ ನೆಲದಿಂದ ನಿಮಗೆ ಇನ್ನೇನೂ ಬೇಕಿಲ್ಲ, ಅದು ಸುತ್ತಲ ಕಾಡಿನಲ್ಲಿ ಸೇರಿಹೋದರೆ ಸಾಕು ಎನ್ನುವುದಾದರೆ ಮಾರಾಟ ಅಥವಾ ದಾನವೇ ಸರಳ. ಇಂಥ ಒಳತುಂಡುಗಳನ್ನು ಕೊಂಡು ಅರಣ್ಯ ಇಲಾಖೆಗೆ ದಾಟಿಸುವುದನ್ನೇ ಕೆಲಸವಾಗಿಸಿಕೊಂಡ ವಿಲ್ಡರ್ನೆಸ್ ಲ್ಯಾಂಡ್ ಟ್ರಸ್ಟ್ ಎಂಬ ಸಂಸ್ಥೆ 1992ರಿಂದ ಇದೆ. ಸರ್ಕಾರ ಕೊಳ್ಳುವ ಹಣ ಹೆಚ್ಚಾಗಿ ಭೂ ಮತ್ತು ಜಲ ಸಂರಕ್ಷಣಾ ನಿಧಿಯಿಂದ ಬರುತ್ತದೆ. 2020ರ ಕಾಯ್ದೆಯೊಂದು ಆ ನಿಧಿಗೆ ವರ್ಷಕ್ಕೆ 90 ಕೋಟಿ ಡಾಲರನ್ನು ಶಾಶ್ವತವಾಗಿ ಕಟ್ಟಿಕೊಟ್ಟಿದೆ. ಭೂ ವಿನಿಮಯವೂ ಉಂಟು, ಆದರೆ ಅದು ವರ್ಷಗಟ್ಟಲೆ ಎಳೆಯುವ ವ್ಯವಹಾರ.

ಈಸ್‌ಮೆಂಟ್ ಹೊಂದಿಕೆಯಾಗುವುದು ನೆಲವನ್ನು ಕೈಬಿಡಲು ಮನಸ್ಸಿಲ್ಲದವರಿಗೆ. ಅಜ್ಜ ಕಟ್ಟಿದ ಮರದ ಗುಡಿಸಲು ಇದೆ, ಬೇಸಿಗೆಯಲ್ಲಿ ಕುಟುಂಬವೆಲ್ಲ ಅಲ್ಲಿ ಸೇರುತ್ತದೆ, ಹೊಳೆಯ ಪಕ್ಕದ ಹುಲ್ಲುಗಾವಲಿನಲ್ಲಿ ಕುದುರೆ ಮೇಯುತ್ತವೆ ಎನ್ನುವ ಸಂದರ್ಭಗಳಿವು. ಐಡಾಹೊದ ಫ್ರ್ಯಾಂಕ್ ಚರ್ಚ್ ವಿಲ್ಡರ್ನೆಸ್‌ನ ನದಿದಂಡೆಗಳಲ್ಲಿ ಹೆಚ್ಚಾಗಿ ಸಣ್ಣ ವಿಮಾನದಲ್ಲೇ ತಲುಪುವ ಹಳೆಯ ರ‍್ಯಾಂಚುಗಳು ಇಂದಿಗೂ ಇವೆ. ಅದೇ ರಾಜ್ಯದ ಸಾಟೂತ್ ಕಣಿವೆಯಲ್ಲಿ 1972ರ ಕಾಯ್ದೆಯ ನಂತರ ಅರಣ್ಯ ಇಲಾಖೆ ಖಾಸಗಿ ಜಮೀನುಗಳ ಮೇಲೆ ಕಣಿವೆಯ ನೋಟ ಕೆಡದಂತೆ ಕಾಯುವ ದೃಶ್ಯ ಈಸ್‌ಮೆಂಟುಗಳನ್ನು ಹಣ ಕೊಟ್ಟು ಪಡೆಯಿತು. ಅಲ್ಲಿ ಇಂದಿಗೂ ದನ ಮೇಯುತ್ತವೆ, ಕಣಿವೆ ಬಯಲಾಗಿಯೇ ಕಾಣುತ್ತದೆ.

ಎರಡನೆಯ ಹೆಜ್ಜೆ: ದಾಖಲೆಗಳನ್ನು ಬಗೆದು ನೋಡುವುದು

ಬಹಳಷ್ಟು ಯೋಜನೆಗಳು ಮುರಿದು ಬೀಳುವುದು ಇಲ್ಲಿ, ಆದ್ದರಿಂದ ಇದಕ್ಕೆ ಇಡೀ ಚಳಿಗಾಲವನ್ನೇ ಮೀಸಲಿಡಿ. ಆಗ ಹೇಗೂ ಜಮೀನು ಹಿಮದ ಕೆಳಗಿರುತ್ತದೆ.

ಮೊದಲು ಒಡೆತನ. ಗಣಿ ಪಟ್ಟಾಗಳು ತಲೆಮಾರುಗಳಿಂದ ಹಿಸ್ಸೆಯಾಗುತ್ತ ಬಂದಿರುವುದರಿಂದ ಒಂದೇ 20 ಎಕರೆಯಲ್ಲಿ ನಿಮಗೆ ಹದಿನಾರರಲ್ಲಿ ಏಳು ಪಾಲು, ಎಲ್ಲಿದ್ದಾರೆಂದೇ ತಿಳಿಯದ ದಾಯಾದಿಗಳಿಗೆ ಉಳಿದದ್ದು ಎನ್ನುವುದು ಸಾಮಾನ್ಯ ಸಂಗತಿ. ಅವಿಭಜಿತ ಪಾಲಿನ ಒಬ್ಬ ಒಡೆಯ ಬರೆದುಕೊಟ್ಟ ಈಸ್‌ಮೆಂಟ್ ಉಳಿದವರನ್ನು ಕಟ್ಟಿಹಾಕುವುದಿಲ್ಲ. ಎಲ್ಲರ ಸಹಿ ಬೇಕು, ಇಲ್ಲವೇ ಮೊದಲು ಅವರ ಪಾಲನ್ನು ಕೊಳ್ಳಬೇಕು, ಇಲ್ಲವೇ ನ್ಯಾಯಾಲಯದಲ್ಲಿ ಹಕ್ಕು ಇತ್ಯರ್ಥ ಮಾಡಿಸಿಕೊಳ್ಳಬೇಕು. ಅದರ ಜೊತೆಗೆ ಚೆಕ್ಕುಬಂದಿಯ ಪ್ರಶ್ನೆಯಿದೆ. ಅದಿರಿನ ಎಳೆ ಹೋದತ್ತ ಗಡಿ ಎಳೆದಿದ್ದರಿಂದ ಒಂದು ಪಟ್ಟಾ ಇನ್ನೊಂದರ ಮೇಲೆ ಬಿದ್ದಿರುವುದು ಸಾಮಾನ್ಯ. ಮೇಲ್ಬಿದ್ದ ಭಾಗ ಯಾರದು ಎಂಬುದನ್ನು ಮೂಲ ಖನಿಜ ಸರ್ವೆಯ ಸಂಖ್ಯೆ ಹಿಡಿದು, ಪಟ್ಟಾದಲ್ಲೇ ಹೊರಗಿಟ್ಟ ಭಾಗಗಳನ್ನು ಓದಿ ನಿರ್ಧರಿಸಬೇಕು. ಇದು ಪರವಾನಗಿ ಇರುವ ಸರ್ವೆಯರನ ಕೆಲಸ, ಮೊಬೈಲ್ ನಕ್ಷೆಯ ಗೆರೆ ನಂಬಿ ಮಾಡುವಂಥದ್ದಲ್ಲ.

ಎರಡನೆಯದು ಖನಿಜ ಹಕ್ಕು. ನೆಲ ನಿಮ್ಮದಾಗಿ ಅದಿರಿನ ಹಕ್ಕು ಎಂದೋ ಮುಚ್ಚಿದ ಕಂಪನಿಯ ವಾರಸುದಾರರದಾಗಿದ್ದರೆ, ಬಿಟ್ಟುಕೊಟ್ಟ ಹಕ್ಕನ್ನು ದಾನವೆಂದು ತೋರಿಸಿ ಆದಾಯ ತೆರಿಗೆ ವಿನಾಯಿತಿ ಪಡೆಯಲು, ತೆರಿಗೆ ನಿಯಮದ ಪ್ರಕಾರ ಆ ನೆಲದಲ್ಲಿ ಮೇಲ್ಮೈ ಗಣಿಗಾರಿಕೆ ನಡೆಯುವ ಸಂಭವ ಲೆಕ್ಕಕ್ಕಿಲ್ಲದಷ್ಟು ಕಡಿಮೆ ಎಂದು ತೋರಿಸಬೇಕಾಗುತ್ತದೆ. ಅದನ್ನು ಭೂವಿಜ್ಞಾನಿಯ ವರದಿಯೊಂದೇ ತೋರಿಸಬಲ್ಲದು. ಸಾಧ್ಯವಿದ್ದರೆ ಆ ಹಕ್ಕನ್ನು ಕೊಂಡುಬಿಡುವುದು ಮೇಲು. ಖನಿಜ ನಿಮ್ಮದೇ ಆಗಿದ್ದರೆ ಮೇಲ್ಮೈ ಗಣಿಗಾರಿಕೆಯನ್ನು ಪತ್ರದಲ್ಲೇ ಪೂರ್ಣವಾಗಿ ನಿಷೇಧಿಸಬೇಕು. ಇಲ್ಲಿ ಅರ್ಧ ಮನಸ್ಸಿನ ವಾಕ್ಯ ಬರೆದರೆ ತೆರಿಗೆ ವಿನಾಯಿತಿಯೇ ಕೈತಪ್ಪುತ್ತದೆ.

ಮೂರನೆಯದು ಅಡಮಾನ. ಜಮೀನಿನ ಮೇಲೆ ಸಾಲವಿದ್ದರೆ, ಸಾಲ ಕೊಟ್ಟವರು ತಮ್ಮ ಹಕ್ಕು ಈಸ್‌ಮೆಂಟಿಗೆ ಅಧೀನವೆಂದು ಬರೆದುಕೊಡಬೇಕು, ಆ ಪತ್ರ ಈಸ್‌ಮೆಂಟಿನ ದಿನವೇ ಅಥವಾ ಅದಕ್ಕೂ ಮೊದಲೇ ಸಿದ್ಧವಿರಬೇಕು. ಆಮೇಲೆ ತಂದರೆ ಪ್ರಯೋಜನವಿಲ್ಲ.

ನಾಲ್ಕನೆಯದನ್ನು ಹಲವರು ಮರೆಯುತ್ತಾರೆ: ಹಳೆಯ ಗಣಿಯ ಬಾಯಿ. 2015ರ ಆಗಸ್ಟ್ 5ರಂದು ಇದೇ ಸ್ಯಾನ್ ಹ್ವಾನ್ ಪರ್ವತಗಳ ಗೋಲ್ಡ್ ಕಿಂಗ್ ಗಣಿಯಿಂದ ಸುಮಾರು 30 ಲಕ್ಷ ಗ್ಯಾಲನ್ ಕಲುಷಿತ ನೀರು ನುಗ್ಗಿ ಅನಿಮಾಸ್ ನದಿಯನ್ನು ಅರಿಸಿನದ ಬಣ್ಣಕ್ಕೆ ತಿರುಗಿಸಿದ ಚಿತ್ರಗಳನ್ನು ನೋಡಿದವರಿಗೆ ಭೂ ಟ್ರಸ್ಟುಗಳು ಯಾಕೆ ಇದಕ್ಕೆ ಹೆದರುತ್ತವೆಂದು ವಿವರಿಸಬೇಕಿಲ್ಲ. 1980ರ ಸೂಪರ್‌ಫಂಡ್ ಕಾಯ್ದೆಯಡಿ ಮಾಲಿನ್ಯದ ಹೊಣೆ ಈಗಿನ ಒಡೆಯನ ಮೇಲೂ ಬೀಳಬಲ್ಲದು. ಪರಿಸರ ತಪಾಸಣೆಯ ಮೊದಲ ಹಂತದ ವರದಿಯನ್ನು ಟ್ರಸ್ಟ್ ಕೇಳುವ ಮೊದಲೇ ಮಾಡಿಸಿಟ್ಟುಕೊಳ್ಳಿ.

ಕೊನೆಯದಾಗಿ ದಾರಿ. ವಿಲ್ಡರ್ನೆಸ್ ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ, ರಾಷ್ಟ್ರೀಯ ಅರಣ್ಯದ ವಿಲ್ಡರ್ನೆಸ್‌ನಿಂದ ಪೂರ್ತಿ ಸುತ್ತುವರಿದ ಖಾಸಗಿ ನೆಲದ ಒಡೆಯನಿಗೆ ಸಾಕಷ್ಟು ಪ್ರವೇಶ ಸಿಗುವಂಥ ಹಕ್ಕನ್ನು ಕೊಡಬೇಕು, ಇಲ್ಲವೇ ಅದೇ ರಾಜ್ಯದಲ್ಲಿ ಸರಿಸುಮಾರು ಅದೇ ಬೆಲೆಯ ಫೆಡರಲ್ ನೆಲವನ್ನು ವಿನಿಮಯವಾಗಿ ಕೊಡಬೇಕು. ಸಾಕಷ್ಟು ಎಂಬ ಪದವೇ ಜಗಳದ ಮೂಲ. ಇಲಾಖೆಯ ನಿಯಮಗಳು ವಿಲ್ಡರ್ನೆಸ್‌ಗೆ ಅತಿ ಕಡಿಮೆ ಶಾಶ್ವತ ಹಾನಿ ಮಾಡುವ ದಾರಿ ಮತ್ತು ಸಾಧನವನ್ನು ಆರಿಸಬೇಕೆನ್ನುತ್ತವೆ. ಅದು ಕಾಲ್ನಡಿಗೆಯೋ ಹೇಸರಗತ್ತೆಯೋ ಆಗಿರಬಹುದು. ನಿಮ್ಮ ಬಳಿ ದಾರಿಯ ಬಗ್ಗೆ ಯಾವುದಾದರೂ ಹಳೆಯ ಪರವಾನಗಿಯಿದ್ದರೆ ಹುಡುಕಿ ತೆಗೆಯಿರಿ. ಅದರ ಮಹತ್ವ ಮೌಲ್ಯಮಾಪನದ ಹೊತ್ತಿಗೆ ತಿಳಿಯುತ್ತದೆ.

ಮೂರನೆಯ ಹೆಜ್ಜೆ: ಹಿಡಿಯುವವರನ್ನು ಆರಿಸುವುದು

ಈಸ್‌ಮೆಂಟ್ ಶಾಶ್ವತವಾದುದರಿಂದ ಅದನ್ನು ಹಿಡಿಯುವ ಸಂಸ್ಥೆಯೂ ಬಾಳಿಕೆ ಬರಬೇಕು. ರಾಷ್ಟ್ರಮಟ್ಟದಲ್ಲಿ ಲ್ಯಾಂಡ್ ಟ್ರಸ್ಟ್ ಅಲಯನ್ಸ್ ಎಂಬ ಒಕ್ಕೂಟವಿದ್ದು, ಅದರ ಮಾನದಂಡಗಳ ಪ್ರಕಾರ ಮಾನ್ಯತೆ ಪಡೆದ ಟ್ರಸ್ಟುಗಳ ಪಟ್ಟಿ ಯಾರಿಗಾದರೂ ಸಿಗುತ್ತದೆ. ಮೊಕದ್ದಮೆಗಳ ಖರ್ಚಿಗಾಗಿ ಟ್ರಸ್ಟುಗಳೇ ಸೇರಿ ಮಾಡಿಕೊಂಡ ಟೆರಾಫರ್ಮಾ ಎಂಬ ವಿಮಾ ವ್ಯವಸ್ಥೆಯೂ ಇದೆ. ನೀವು ಆರಿಸುವ ಟ್ರಸ್ಟ್ ಅದರಲ್ಲಿದೆಯೇ ಎಂದು ಕೇಳಿ. ಕೊಲೊರಾಡೊದಲ್ಲಿ ರಾಜ್ಯದ ತೆರಿಗೆ ಸೌಲಭ್ಯ ಬೇಕಾದರೆ ಟ್ರಸ್ಟಿಗೆ ರಾಜ್ಯದ ಪ್ರಮಾಣೀಕರಣವೂ ಇರಬೇಕು.

ಕೇಳಬೇಕಾದ ನಿಜವಾದ ಪ್ರಶ್ನೆ ಬೇರೆಯೇ ಇದೆ: ಹನ್ನೆರಡು ಸಾವಿರ ಅಡಿ ಎತ್ತರದ ನನ್ನ ಜಮೀನಿಗೆ ನಿಮ್ಮವರು ವರ್ಷಕ್ಕೊಮ್ಮೆ ಹೇಗೆ ಬರುತ್ತೀರಿ? ಉಪಗ್ರಹ ಚಿತ್ರದಿಂದ ಕೆಲವು ವರ್ಷಗಳ ತಪಾಸಣೆ ನಡೆಸಬಹುದು, ಎಲ್ಲ ವರ್ಷಗಳದ್ದನ್ನಲ್ಲ. ಇದಕ್ಕೆ ತಡವರಿಸದೆ ಉತ್ತರಿಸುವ ಸಂಸ್ಥೆ ಕಣಿವೆಯ ಹೊಲಗಳನ್ನಷ್ಟೇ ನೋಡಿಕೊಂಡಿರುವ ದೊಡ್ಡ ಹೆಸರಿನ ಸಂಸ್ಥೆಗಿಂತ ಮೇಲು. ಆ ಟ್ರಸ್ಟ್ ಮುಚ್ಚಿಹೋದರೆ ಹಕ್ಕು ಯಾರಿಗೆ ಹೋಗಬೇಕೆಂಬುದನ್ನೂ ಪತ್ರದಲ್ಲಿ ಹೆಸರಿಸಿಡಿ.

ಪಾಲನಾ ನಿಧಿಗೆ ಟ್ರಸ್ಟ್ ನಿಮ್ಮಿಂದಲೇ ಒಂದು ಮೊತ್ತ ಕೇಳುತ್ತದೆ. ದಾನ ಕೊಡುವವನೇ ದುಡ್ಡೂ ಕೊಡಬೇಕೆ ಎಂದು ಮೊದಲ ಸಲ ಕೇಳಿದಾಗ ಎಲ್ಲರಿಗೂ ಮುಜುಗರವಾಗುತ್ತದೆ. ಆದರೆ ಆ ನಿಧಿಯ ಬಡ್ಡಿಯಲ್ಲೇ ಮುಂದಿನ ಪ್ರತಿ ವರ್ಷದ ತಪಾಸಣೆ ನಡೆಯಬೇಕಿರುವುದರಿಂದ, ಏನೂ ಕೇಳದ ಟ್ರಸ್ಟಿನ ಬಗ್ಗೆಯೇ ಹೆಚ್ಚು ಅನುಮಾನಪಡಬೇಕು.

ನಾಲ್ಕನೆಯ ಹೆಜ್ಜೆ: ಪತ್ರದ ಮಾತುಗಳು

ಟ್ರಸ್ಟ್ ಒಂದು ಮಾದರಿ ಕರಡು ಕೊಡುತ್ತದೆ. ಅದನ್ನು ಓದಲು ನಿಮ್ಮದೇ ವಕೀಲರು ಬೇಕು; ಟ್ರಸ್ಟಿನ ವಕೀಲರು ಎಷ್ಟೇ ಸಜ್ಜನರಾದರೂ ಅವರು ಟ್ರಸ್ಟಿನ ವಕೀಲರು.

ಮೊದಲು ಬರುವುದು ಉದ್ದೇಶದ ಭಾಗ. ಫೆಡರಲ್ ತೆರಿಗೆ ಸಂಹಿತೆಯ 170(ಎಚ್) ಸೆಕ್ಷನ್ ನಾಲ್ಕು ಬಗೆಯ ಉದ್ದೇಶಗಳನ್ನು ಒಪ್ಪುತ್ತದೆ: ಸಾರ್ವಜನಿಕರ ವಿಹಾರ ಅಥವಾ ಶಿಕ್ಷಣ, ವನ್ಯಜೀವಿ ಮತ್ತು ಸಸ್ಯಗಳ ನೈಸರ್ಗಿಕ ನೆಲೆ, ದೃಶ್ಯಸೌಂದರ್ಯ ಅಥವಾ ಸರ್ಕಾರದ ನೀತಿಗಾಗಿ ತೆರೆದ ನೆಲ, ಚಾರಿತ್ರಿಕ ಮಹತ್ವ. ವಿಲ್ಡರ್ನೆಸ್‌ನೊಳಗಿನ ಒಡೆಯನಿಗೆ ಎರಡನೆಯದು ಕೈಗೆ ಸಿಕ್ಕ ಊರುಗೋಲು, ಏಕೆಂದರೆ ವಿಲ್ಡರ್ನೆಸ್‌ನ ಪರಿಸರ ಬಾಳಿಕೆಗೆ ಒದಗುವ ನೈಸರ್ಗಿಕ ನೆಲವನ್ನು ತೆರಿಗೆ ನಿಯಮಾವಳಿ ಹೆಸರಿಸಿಯೇ ಈ ವರ್ಗಕ್ಕೆ ಸೇರಿಸಿದೆ. ಇದರಡಿಯಲ್ಲಿ ಸಾರ್ವಜನಿಕರನ್ನು ಒಳಗೆ ಬಿಡಬೇಕೆಂಬ ಕಡ್ಡಾಯವೂ ಇಲ್ಲ. ಆದರೆ ಸುಂದರ ಪ್ರಕೃತಿಯ ರಕ್ಷಣೆ ಎಂದು ಬರೆದರೆ ಸಾಲದು. ಏನಿದೆಯೋ ಅದನ್ನು ಹೆಸರಿಸಿ. ಕೊಲೊರಾಡೊ 1999ರಿಂದ 2006ರವರೆಗೆ ಕೆನಡಾ ಲಿಂಕ್ಸ್ ಎಂಬ ಕಾಡುಬೆಕ್ಕನ್ನು ಸ್ಯಾನ್ ಹ್ವಾನ್‌ಗೆ ತಂದು ಬಿಟ್ಟಿದೆ, ನಿಮ್ಮ ಸ್ಪ್ರೂಸ್ ಕಾಡು ಅದರ ಓಡಾಟದ ಹಾದಿಯಲ್ಲಿರಬಹುದು. ಮರಗಳ ಗಡಿ ದಾಟಿದ ಎತ್ತರದಲ್ಲಿ ಹಿಮವಿಲ್ಲೊ ಗಿಡಗಳ ಹಾಸಿದ್ದರೆ, 1991ರಲ್ಲಿ ಅಳಿವಿನಂಚಿನದೆಂದು ಘೋಷಿತವಾದ ಅನ್‌ಕಂಪಾಗ್ರಿ ಫ್ರಿಟಿಲರಿ ಚಿಟ್ಟೆಯ ನೆಲೆ ಅದಾಗಿರಬಹುದು. ಜೀವವಿಜ್ಞಾನಿಯೊಬ್ಬರು ಒಂದು ಬೇಸಿಗೆಯಲ್ಲಿ ಅಲ್ಲಿ ಎರಡು ದಿನ ಕಳೆದರೆ ಈ ಭಾಗ ತಾನಾಗಿ ಗಟ್ಟಿಯಾಗುತ್ತದೆ.

ನಂತರ ನಿಷೇಧಗಳು: ಹೋಳು ಮಾಡಬಾರದು, ಹೊಸ ಕಟ್ಟಡ ಕಟ್ಟಬಾರದು, ರಸ್ತೆ ಕಡಿಯಬಾರದು, ಗಣಿ ತೋಡಬಾರದು, ಕಸ ಸುರಿಯಬಾರದು. ಇವನ್ನು ಎಲ್ಲ ಕರಡುಗಳೂ ಸರಿಯಾಗಿಯೇ ಬರೆಯುತ್ತವೆ. ವಿಲ್ಡರ್ನೆಸ್‌ನೊಳಗೆ ಇವುಗಳ ಜೊತೆಗೆ ಇನ್ನು ಕೆಲವನ್ನು ಯೋಚಿಸಬೇಕು. ಹೆಲಿಕಾಪ್ಟರ್ ಮತ್ತು ಡ್ರೋನ್ ಇಳಿಸುವುದು, ರಾತ್ರಿಯಿಡೀ ಉರಿಯುವ ಹೊರದೀಪ, ಜನರೇಟರ್, ಸಂಪರ್ಕ ಗೋಪುರ, ಮನೆಯನ್ನು ದಿನಬಾಡಿಗೆಗೆ ಕೊಡುವುದು. ಇವುಗಳಲ್ಲಿ ಯಾವುದನ್ನೂ ಮೌನವಾಗಿ ಬಿಡಬೇಡಿ. ಬಿಟ್ಟ ಜಾಗದಲ್ಲೇ ಮೂರನೆಯ ಮಾಲೀಕ ಕಾಲಿಡುವುದು.

ಅತಿ ಕಷ್ಟದ ಭಾಗ ನೀವು ಉಳಿಸಿಕೊಳ್ಳುವ ಹಕ್ಕುಗಳದು. ಗುಡಿಸಲನ್ನು ದುರಸ್ತಿ ಮಾಡಬಹುದೆಂದು ಬರೆದಿರಿ ಅಂದುಕೊಳ್ಳಿ. ಹಿಮಕುಸಿತದಲ್ಲಿ ಅದು ಪೂರ್ತಿ ಕೊಚ್ಚಿಹೋದರೆ? ಕಾಡ್ಗಿಚ್ಚಿಗೆ ಸುಟ್ಟರೆ? ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ, ಅದೇ ಎತ್ತರದಲ್ಲಿ ಮತ್ತೆ ಕಟ್ಟಬಹುದೇ, ಅಥವಾ ಹಿಮಕುಸಿತದ ಹಾದಿಯಿಂದ ಇನ್ನೂರು ಅಡಿ ಸರಿಸಿ ಕಟ್ಟಬಹುದೇ ಎಂಬುದನ್ನು ಈಗಲೇ ಬರೆಯಬೇಕು. ಕಟ್ಟಡಕ್ಕೆ ಮೀಸಲಾದ ವಲಯವನ್ನು ಸರ್ವೆ ಮಾಡಿಸಿ ನಕ್ಷೆಯಲ್ಲಿ ಗೆರೆ ಎಳೆದು ತೋರಿಸುವುದು ಉತ್ತಮ. ಮುಂದೆ ಎಲ್ಲಿ ಬೇಕಾದರೂ ಆರಿಸಿಕೊಳ್ಳುವ ಹಕ್ಕು ಎಂದು ತೇಲಿಬಿಟ್ಟರೆ ತೆರಿಗೆ ಇಲಾಖೆ ಆಕ್ಷೇಪಿಸಬಹುದು. ಈಸ್‌ಮೆಂಟಿಗೆ ಒಳಪಟ್ಟ ನೆಲವನ್ನೇ ಮುಂದೆ ಬೇರೆ ನೆಲದೊಂದಿಗೆ ಅದಲುಬದಲು ಮಾಡಬಹುದೆಂದು ಬರೆದಿದ್ದ ಪ್ರಕರಣವೊಂದರಲ್ಲಿ 2014ರಲ್ಲಿ ಮೇಲ್ಮನವಿ ನ್ಯಾಯಾಲಯ ವಿನಾಯಿತಿಯನ್ನೇ ನಿರಾಕರಿಸಿತು. ಕಾಡಿನ ಆರೋಗ್ಯಕ್ಕಾಗಿ ಮರ ತೆಗೆಯುವುದನ್ನೂ ಯೋಚಿಸಿ. ಸ್ಪ್ರೂಸ್ ತೊಗಟೆಹುಳು ಹಬ್ಬಿದ ಇಳಿಜಾರುಗಳನ್ನು ಕಂಡವರು ಒಂದು ಮರವನ್ನೂ ಮುಟ್ಟಬಾರದೆಂದು ಬರೆಸುವ ಮೊದಲು ತಡೆದು ಯೋಚಿಸುತ್ತಾರೆ. ಉಳಿಸಿಕೊಂಡ ಯಾವ ಹಕ್ಕು ನೆಲಕ್ಕೆ ಧಕ್ಕೆ ತರಬಹುದೋ ಅದನ್ನು ಬಳಸುವ ಮೊದಲು ಟ್ರಸ್ಟಿಗೆ ಲಿಖಿತ ಸೂಚನೆ ಕೊಡುವ ಕರಾರು ಕಡ್ಡಾಯ.

ಈಸ್‌ಮೆಂಟ್ ಮುಂದೆಂದಾದರೂ ನ್ಯಾಯಾಲಯದಿಂದ ರದ್ದಾದರೆ ಬರುವ ಹಣದಲ್ಲಿ ಟ್ರಸ್ಟಿನ ಪಾಲೆಷ್ಟು ಎಂಬ ವಾಕ್ಯವನ್ನು ನೀವಾಗಲಿ ನಿಮ್ಮ ವಕೀಲರಾಗಲಿ ಹೊಸದಾಗಿ ರಚಿಸಲು ಹೋಗಬೇಡಿ. ಆ ಒಂದು ವಾಕ್ಯದ ಮೇಲೆ ವರ್ಷಗಟ್ಟಲೆ ಮೊಕದ್ದಮೆಗಳು ನಡೆದ ಮೇಲೆ, 2023ರಲ್ಲಿ ತೆರಿಗೆ ಇಲಾಖೆಯೇ ಸುರಕ್ಷಿತವಾದ ಮಾದರಿ ಪಾಠವನ್ನು ಪ್ರಕಟಿಸಿದೆ. ಅದನ್ನು ಅಕ್ಷರಶಃ ಇಳಿಸಿಕೊಳ್ಳಿ.

ಐದನೆಯ ಹೆಜ್ಜೆ: ನೆಲದ ಜಾತಕ

ಪತ್ರಕ್ಕೆ ಸಹಿ ಬೀಳುವ ಹೊತ್ತಿಗೆ ನೆಲ ಹೇಗಿತ್ತು ಎಂಬುದರ ದಾಖಲೆಯನ್ನು ಮೂಲಸ್ಥಿತಿ ವರದಿ ಎನ್ನುತ್ತಾರೆ. ನಕ್ಷೆ, ಸಸ್ಯವರ್ಗದ ವಿವರ, ಇರುವ ಕಟ್ಟಡಗಳ ಅಳತೆ, ಗಣಿಬಾಯಿಗಳು, ಕಸದ ರಾಶಿಗಳು, ಕಾಲುದಾರಿಗಳು, ಜಿಪಿಎಸ್ ಗುರುತಿನೊಂದಿಗೆ ನಿರ್ದಿಷ್ಟ ಜಾಗಗಳಿಂದ ನಿರ್ದಿಷ್ಟ ದಿಕ್ಕಿಗೆ ತೆಗೆದ ಛಾಯಾಚಿತ್ರಗಳು ಎಲ್ಲ ಅದರಲ್ಲಿರಬೇಕು; ಹಸ್ತಾಂತರದ ಸಮಯದಲ್ಲಿ ನೆಲದ ನಿಜಸ್ಥಿತಿ ಇದೇ ಎಂದು ನೀವೂ ಟ್ರಸ್ಟೂ ಸಹಿ ಮಾಡಬೇಕು. ಇನ್ನು ಐವತ್ತು ವರ್ಷಗಳ ನಂತರ ಆ ಕಾಲುದಾರಿ ಮೊದಲೇ ಇತ್ತು ಎಂದು ಯಾರಾದರೂ ವಾದಿಸಿದಾಗ ಉತ್ತರ ಹೇಳುವುದು ಈ ಚಿತ್ರಗಳೇ.

ಎತ್ತರದ ನೆಲಕ್ಕೆ ಇಲ್ಲೊಂದು ಪಂಚಾಂಗದ ತೊಂದರೆಯಿದೆ. ಜುಲೈಗೆ ಮೊದಲು ಹಿಮ ಕರಗದು, ಸೆಪ್ಟೆಂಬರ್ ಕಳೆದರೆ ಮತ್ತೆ ಬೀಳಲಾರಂಭಿಸುತ್ತದೆ. ತೆರಿಗೆ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅಕ್ಟೋಬರಿನಲ್ಲಿ ಮನಸ್ಸು ಮಾಡಿ ವರ್ಷಾಂತ್ಯಕ್ಕೆ ಪತ್ರ ಮಾಡಿಸಿಬಿಡೋಣ ಎಂದು ಬರುವವರಿಗೆ ಒಳ್ಳೆಯ ಟ್ರಸ್ಟುಗಳು ಮುಂದಿನ ವರ್ಷ ಬನ್ನಿ ಎನ್ನುವುದು ಇದಕ್ಕೇ. ಚಳಿಗಾಲದಲ್ಲಿ ದಾಖಲೆ, ವಸಂತದಲ್ಲಿ ಕರಡು, ಜುಲೈನಿಂದ ಸೆಪ್ಟೆಂಬರ್ ಒಳಗೆ ಸರ್ವೆ ಮತ್ತು ಮೂಲಸ್ಥಿತಿ ವರದಿ, ಶರತ್ಕಾಲದಲ್ಲಿ ಮೌಲ್ಯಮಾಪನ, ಡಿಸೆಂಬರಿಗೆ ಮೊದಲು ನೋಂದಣಿ ಎಂದು ಹೊಂದಿಸಿಕೊಂಡರೆ ಒಂದು ವರ್ಷದಲ್ಲಿ ಕೆಲಸ ಮುಗಿಯುತ್ತದೆ.

ಆರನೆಯ ಹೆಜ್ಜೆ: ಬೆಲೆ ಕಟ್ಟುವುದು ಮತ್ತು ತೆರಿಗೆ

ಈಸ್‌ಮೆಂಟಿನ ಬೆಲೆಯೆಂದರೆ ಅದಕ್ಕೆ ಮೊದಲು ನೆಲಕ್ಕಿದ್ದ ಮಾರುಕಟ್ಟೆ ಬೆಲೆಯಲ್ಲಿ ಅದರ ನಂತರ ಉಳಿದ ಬೆಲೆಯನ್ನು ಕಳೆದರೆ ಬರುವ ಮೊತ್ತ. ಇಲ್ಲೇ ವಿಲ್ಡರ್ನೆಸ್‌ನ ವಿರೋಧಾಭಾಸ ಎದುರಾಗುತ್ತದೆ. ದಾರಿಯಿಲ್ಲದ, ವರ್ಷದಲ್ಲಿ ಒಂಬತ್ತು ತಿಂಗಳು ಹಿಮದಡಿ ಇರುವ ಜಮೀನಿನಲ್ಲಿ ಮನೆ ಕಟ್ಟುವವರೇ ಇಲ್ಲವೆಂದಾದರೆ ಮೊದಲಿನ ಬೆಲೆಯೇ ಕಡಿಮೆ, ಹಾಗಾಗಿ ಬಿಟ್ಟುಕೊಟ್ಟದ್ದರ ಬೆಲೆಯೂ ಕಡಿಮೆ. ಅಪಾಯ ಎಷ್ಟು ನಿಜವೋ ವಿನಾಯಿತಿಯೂ ಅಷ್ಟೇ. ಈ ಕಾರಣಕ್ಕೆ ಆ ಹಳೆಯ ದಾರಿ ಪರವಾನಗಿ, ಅಕ್ಕಪಕ್ಕದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಅಂಥದೇ ಪಟ್ಟಾಗಳ ನಿಜವಾದ ಮಾರಾಟಗಳು, ಕೌಂಟಿಯ ಕಟ್ಟಡ ನಿಯಮಗಳು ಇವೇ ಮೌಲ್ಯಮಾಪಕರ ಆಧಾರಗಳಾಗುತ್ತವೆ. ಪಕ್ಕದಲ್ಲೇ ನಿಮ್ಮದೋ ನಿಮ್ಮ ಕುಟುಂಬದ್ದೋ ಬೇರೆ ಜಮೀನಿದ್ದರೆ ಅದನ್ನೂ ಸೇರಿಸಿ ಲೆಕ್ಕ ಹಾಕಬೇಕು. ಈಸ್‌ಮೆಂಟಿನಿಂದ ಅದರ ಬೆಲೆ ಏರಿದರೆ ಅಷ್ಟನ್ನು ಕಳೆಯಬೇಕು. ಕೌಂಟಿಯ ಪರವಾನಗಿಗೆ ಷರತ್ತಾಗಿ ಬರೆದುಕೊಟ್ಟ ಈಸ್‌ಮೆಂಟ್ ದಾನವೆನಿಸಿಕೊಳ್ಳುವುದಿಲ್ಲ.

ಮೌಲ್ಯಮಾಪನದ ವರದಿ ದಾನದ ದಿನಕ್ಕೆ 60 ದಿನಕ್ಕಿಂತ ಹಿಂದಿನದಾಗಿರಬಾರದು. ತೆರಿಗೆ ವಿವರದ ಜೊತೆ 8283 ನಮೂನೆ ಹೋಗಬೇಕು, ಮೊತ್ತ 5 ಲಕ್ಷ ಡಾಲರ್ ಮೀರಿದರೆ ಇಡೀ ವರದಿಯನ್ನೇ ಲಗತ್ತಿಸಬೇಕು. ದಾನಕ್ಕೆ ಪ್ರತಿಯಾಗಿ ಏನನ್ನೂ ಕೊಟ್ಟಿಲ್ಲ ಎಂಬ ಟ್ರಸ್ಟಿನ ಲಿಖಿತ ಸ್ವೀಕೃತಿ ಪತ್ರ ಇಲ್ಲದ ಒಂದೇ ಕಾರಣಕ್ಕೆ ದೊಡ್ಡ ದೊಡ್ಡ ವಿನಾಯಿತಿಗಳು ಬಿದ್ದುಹೋಗಿವೆ.

2015ರಿಂದ ಶಾಶ್ವತವಾಗಿರುವ ನಿಯಮದಂತೆ ದಾನಿ ವರ್ಷದ ಹೊಂದಾಣಿಕೆಯಾದ ಒಟ್ಟು ಆದಾಯದ ಶೇಕಡ 50ರವರೆಗೆ ವಿನಾಯಿತಿ ಪಡೆಯಬಹುದು, ಉಳಿದದ್ದನ್ನು ಮುಂದಿನ 15 ವರ್ಷಗಳಿಗೆ ಒಯ್ಯಬಹುದು. ಆದಾಯದ ಅರ್ಧಕ್ಕಿಂತ ಹೆಚ್ಚು ಕೃಷಿಯಿಂದ ಬರುವವರಿಗೆ ಮಿತಿ ಶೇಕಡ 100. ಉದಾಹರಣೆಗೆ ಜಮೀನಿನ ಬೆಲೆ 4 ಲಕ್ಷ ಡಾಲರಿನಿಂದ ಒಂದೂವರೆ ಲಕ್ಷಕ್ಕೆ ಇಳಿಯಿತೆಂದುಕೊಳ್ಳೋಣ. ದಾನ ಎರಡೂವರೆ ಲಕ್ಷ. ವರ್ಷಕ್ಕೆ 90,000 ಡಾಲರ್ ಆದಾಯದ ಶಿಕ್ಷಕಿ ಪ್ರತಿ ವರ್ಷ 45,000ದಂತೆ ಆರನೆಯ ವರ್ಷದಲ್ಲಿ ಅದನ್ನು ಮುಗಿಸುತ್ತಾಳೆ. ನೆಲ ಕೊಂಡು ಒಂದು ವರ್ಷ ದಾಟಿರದಿದ್ದರೆ ಮಾತ್ರ ಈ ಲೆಕ್ಕ ನಡೆಯದು, ಕೊಂಡ ಬೆಲೆಯೇ ಮಿತಿಯಾಗುತ್ತದೆ.

ಕೊಲೊರಾಡೊ ಇದರ ಮೇಲೆ ರಾಜ್ಯದ ತೆರಿಗೆ ಜಮೆಯನ್ನೂ, ಅಂದರೆ ಕಟ್ಟಬೇಕಾದ ತೆರಿಗೆಯಿಂದಲೇ ನೇರವಾಗಿ ಕಳೆಯುವ ಮೊತ್ತವನ್ನೂ, ಕೊಡುತ್ತದೆ, ಮತ್ತು ಆ ಜಮೆಯನ್ನು ಬೇರೆ ತೆರಿಗೆದಾರರಿಗೆ ಮಾರಬಹುದು. ಕಡಿಮೆ ಆದಾಯದ ಹಳೆಯ ಕುಟುಂಬಗಳಿಗೆ ನಿಜವಾಗಿ ಕೈಗೆ ಹಣ ಬರುವುದು ಇದರಿಂದಲೇ. ವರ್ಷಕ್ಕೊಂದು ಒಟ್ಟು ಮಿತಿಯಿರುವುದರಿಂದ ಮೊದಲು ರಾಜ್ಯದ ಸಂರಕ್ಷಣಾ ವಿಭಾಗದಿಂದ ಪ್ರಮಾಣಪತ್ರ ಪಡೆಯಬೇಕು. ಆದರೆ 2019ರ ಫೆಡರಲ್ ನಿಯಮದ ಪ್ರಕಾರ ರಾಜ್ಯದ ಜಮೆ ದಾನದ ಮೌಲ್ಯದ ಶೇಕಡ 15 ಮೀರಿದರೆ ಆ ಜಮೆಯಷ್ಟು ಮೊತ್ತ ಫೆಡರಲ್ ವಿನಾಯಿತಿಯಿಂದ ಕಡಿತವಾಗುತ್ತದೆ. ಎರಡನ್ನೂ ಪೂರ್ತಿ ಪಡೆಯುತ್ತೇನೆಂದು ಲೆಕ್ಕ ಹಾಕಿದವರು ಇಲ್ಲಿ ಎಡವುತ್ತಾರೆ.

ಬೆಲೆಯನ್ನು ಉಬ್ಬಿಸುವ ಆಸೆಯ ಬಗ್ಗೆ ಒಂದು ಮಾತು. ಇದೇ ರಾಜ್ಯದಲ್ಲಿ ನೂರಾರು ಜಮೆಗಳನ್ನು ಕಂದಾಯ ಇಲಾಖೆ ತಿರಸ್ಕರಿಸಿ, ಮೌಲ್ಯಮಾಪಕರನ್ನು ನಂಬಿದ್ದ ರೈತರು ಬಡ್ಡಿ ಸಮೇತ ತೆರಿಗೆ ಕಟ್ಟಬೇಕಾದ ಚರಿತ್ರೆಯಿದೆ. ನಾಲ್ಕಾರು ಜನ ಸೇರಿ ಪಾಲುದಾರಿಕೆಯಲ್ಲಿ ನೆಲ ಕೊಂಡು, ಹಾಕಿದ ಹಣದ ನಾಲ್ಕೈದು ಪಟ್ಟು ವಿನಾಯಿತಿ ಪಡೆಯಿರಿ ಎನ್ನುವ ಯೋಜನೆಗಳು ಅನಿವಾಸಿ ಭಾರತೀಯರ ವಾಟ್ಸಾಪ್ ಗುಂಪುಗಳಿಗೂ ಬಂದರೆ ಆಶ್ಚರ್ಯವಿಲ್ಲ. 2022ರ ಕೊನೆಯ ಕಾಯ್ದೆ, ಮೂರು ವರ್ಷ ಹಿಡಿದಿಟ್ಟುಕೊಂಡ ನೆಲ ಮತ್ತು ಕುಟುಂಬದ ಪಾಲುದಾರಿಕೆಗಳಂಥ ಕೆಲವನ್ನು ಬಿಟ್ಟು, ಹೂಡಿಕೆಯ ಎರಡೂವರೆ ಪಟ್ಟು ಮೀರಿದ ಅಂಥ ವಿನಾಯಿತಿಯನ್ನು ಸಂಪೂರ್ಣ ತಳ್ಳಿಹಾಕುತ್ತದೆ. ಅಂಥ ಸಂದೇಶವನ್ನು ಅಳಿಸಿಹಾಕಿ.

ಏಳನೆಯ ಹೆಜ್ಜೆ: ನೋಂದಣಿ, ಮತ್ತು ಆಮೇಲಿನ ವರ್ಷಗಳು

ನೋಟರಿಯ ಮುಂದೆ ಸಹಿಯಾದ ಪತ್ರವನ್ನು ಜಮೀನಿರುವ ಕೌಂಟಿಯ ದಾಖಲಾತಿ ಕಚೇರಿಯಲ್ಲಿ ನೋಂದಾಯಿಸಬೇಕು. ಅಡಮಾನದ ಅಧೀನತಾ ಪತ್ರವಿದ್ದರೆ ಅದನ್ನು ಜೊತೆಗೇ ನೋಂದಾಯಿಸಿ. ದಾನದ ದಿನಾಂಕವೆಂದು ಲೆಕ್ಕಕ್ಕೆ ಬರುವುದು ಸಹಿಯ ದಿನವಲ್ಲ, ನೋಂದಣಿಯ ದಿನ. ಡಿಸೆಂಬರ್ 30ರಂದು ಸಹಿ ಮಾಡಿ ಜನವರಿ 3ರಂದು ನೋಂದಾಯಿಸಿದರೆ ಒಂದು ವರ್ಷವೇ ಮುಂದಕ್ಕೆ ಹೋಗುತ್ತದೆ.

ಮುಂದೆ ನೆಲವನ್ನು ಮಾರುವಾಗ ಟ್ರಸ್ಟಿಗೆ ಸೂಚನೆ ಕೊಡಬೇಕು, ಕೊಳ್ಳುವವನ ಕೈಗೆ ಈಸ್‌ಮೆಂಟಿನ ಪ್ರತಿಯ ಜೊತೆಗೆ ಮೂಲಸ್ಥಿತಿ ವರದಿಯನ್ನೂ ಇಡಬೇಕು. ಉಲ್ಲಂಘನೆಗಳು ಹೆಚ್ಚಾಗಿ ಆಗುವುದು ದುರುದ್ದೇಶದಿಂದಲ್ಲ, ಕೊಂಡವನಿಗೆ ಯಾರೂ ಆ ಪತ್ರವನ್ನು ಓದಿ ಹೇಳಿರದ ಕಾರಣಕ್ಕೆ. ಟ್ರಸ್ಟಿನವರು ಮೊದಲ ಸಲ ತಪಾಸಣೆಗೆ ಬರುವ ಜುಲೈನಲ್ಲಿ ನೀವೂ ಅವರ ಜೊತೆ ಬೆಟ್ಟ ಹತ್ತಿ, ಮಕ್ಕಳನ್ನೂ ಕರೆದೊಯ್ಯಿರಿ. ಒಂದನೆಯ ಛಾಯಾಚಿತ್ರ ಬಿಂದುವಿನಿಂದ ಕೊನೆಯದರವರೆಗೆ ನಡೆದು, ಪ್ರತಿ ಜಾಗದಲ್ಲೂ ಹಳೆಯ ಚಿತ್ರವನ್ನು ಕೈಯಲ್ಲಿ ಹಿಡಿದು, ಅದೇ ದಿಕ್ಕಿಗೆ ನಿಂತು ಹೊಸದನ್ನು ತೆಗೆಯುವುದನ್ನು ಮಕ್ಕಳಿಗೆ ತೋರಿಸಿಕೊಡಿ.